ನೀರೊಳಗಿನ ರೆಕ್ಕೆಗೊಂದು ತೇಪೆ

ಕೊಲ್ಲಿಯಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯೊಳಗೆ ಏನೇನಿರುತ್ತದೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಬಳಿ, ಅತ್ತರು, ಹಾಲಿನ ಪುಡಿಯ ಡಬ್ಬ, ಮಕ್ಕಳಿಗೆ ಚಾಕಲೇಟು, ಹಿರಿಯರಿಗೆ ಗಂಟುನೋವಿನ ಎಣ್ಣೆ. ಇಷ್ಟಾದರೆ ಪೆಟ್ಟಿಗೆ ತುಂಬಿತು. ಕಳೆದ ಆಟಿ ತಿಂಗಳಲ್ಲಿ ನಮಗೆ ಪರಿಚಯದ ತರುಣನೊಬ್ಬ ಊರಿಗೆ ಬಂದಿಳಿದಾಗ ಇವೆಲ್ಲದರ ನಡುವೆ ದಪ್ಪ ಬೈರಾಸಿನಲ್ಲಿ ಸುತ್ತಿದ ಇನ್ನೊಂದು ವಸ್ತುವೂ ಇತ್ತು. ಬಿಚ್ಚಿ ನೋಡಿದರೆ ಕಪ್ಪಗೆ ಹೊಳೆಯುವ ಒಂದು ರೆಕ್ಕೆ. ಮುಕ್ಕಾಲು ಮೀಟರಿನಷ್ಟು ಉದ್ದ, ನಡುವೆ ಅಂಗೈಯಗಲ, ತುದಿಗಳಲ್ಲಿ ಕಿರಿದು. ಎತ್ತಿದರೆ ಹಗುರ, ಬಗ್ಗಿಸಿದರೆ ಬಗ್ಗದು. ಮನೆಯ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೆಂತದು, ಫ್ಯಾನಿನ ಎಲೆಯಾ? ಉಳಿದ ಎರಡು ಎಲ್ಲಿ?" ಎಂದು ಕೇಳಿದರಂತೆ.

ಅಜ್ಜಿಯ ಊಹೆ ಅಷ್ಟೇನೂ ತಪ್ಪಲ್ಲ. ಫ್ಯಾನಿನ ಎಲೆಗೂ ವಿಮಾನದ ರೆಕ್ಕೆಗೂ ಈ ವಸ್ತುವಿಗೂ ಬಳಗದ ಸಂಬಂಧವಿದೆ. ಇದು ಗಾಳಿಯಲ್ಲಿ ಅಲ್ಲ, ನೀರಿನೊಳಗೆ ಹಾರುವ ರೆಕ್ಕೆ. ಹೈಡ್ರೋಫಾಯಿಲ್ ಎಂದು ಇದರ ಹೆಸರು.

ತರುಣನಿಗೆ ಕೊಲ್ಲಿಯ ಒಂದು ಕಡಲತೀರದಲ್ಲಿ ಹಾಯಿಹಲಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ. ಬೆಳಗ್ಗೆ ಹಲಗೆಗಳನ್ನು ನೀರಿನ ಅಂಚಿಗೆ ಹೊತ್ತು ಒಯ್ಯುವುದು, ಸಂಜೆ ಮರಳಿ ತಂದು ಸಿಹಿನೀರಿನಲ್ಲಿ ತೊಳೆದಿಡುವುದು. ಅಂಗಡಿಯ ಹಿಂದುಗಡೆ ಒಂದು ತಗಡಿನ ಷೆಡ್ಡು. ಪೆಟ್ಟಾದ ಹಲಗೆ, ಹರಿದ ಹಾಯಿ, ಚಕ್ಕೆ ಹಾರಿದ ರೆಕ್ಕೆ ಇವುಗಳ ದುರಸ್ತಿಯೆಲ್ಲ ಅಲ್ಲಿ. ಹೊರುವವನ ಸಂಬಳ ಬೇರೆ, ಷೆಡ್ಡಿನವನ ಸಂಬಳ ಬೇರೆ. ಷೆಡ್ಡಿನಲ್ಲಿದ್ದವನು ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋದ ಮೇಲೆ ಆ ಜಾಗ ಖಾಲಿ ಬಿದ್ದಿತ್ತು. ಬಿಸಾಡಲೆಂದು ಮೂಲೆಗೆ ಹಾಕಿದ್ದ ಈ ರೆಕ್ಕೆಯನ್ನು ತೋರಿಸಿ ಅಂಗಡಿಯ ಯಜಮಾನರು, "ರಜೆಯಲ್ಲಿ ಇದನ್ನು ಸರಿಮಾಡಿಕೊಂಡು ಬಾ, ಆಮೇಲೆ ನೋಡೋಣ" ಎಂದರಂತೆ. ಎರಡು ತಿಂಗಳ ರಜೆ. ಅದರಲ್ಲಿ ತಂಗಿಯ ಮದುವೆಯ ಮಾತುಕತೆಯೂ ಆಗಬೇಕು, ಇದೂ ಆಗಬೇಕು.

ನಮ್ಮನ್ನು ಕರೆದದ್ದು ರೆಕ್ಕೆ ನೋಡಲಿಕ್ಕಲ್ಲ. ಅದರ ಜೊತೆಗೆ ಬಂದಿದ್ದ ಎಂಟು ಪುಟದ ಇಂಗ್ಲಿಷ್ ಕೈಪಿಡಿಯನ್ನು ಬಿಡಿಸಿ ಹೇಳಲಿಕ್ಕೆ. ಹುಡುಗನ ಮನೆಯ ಮಾತು ತುಳು, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ, ಪೇಟೆಯ ವ್ಯವಹಾರ ಮಲಯಾಳದಲ್ಲಿ, ಕೊಲ್ಲಿಯಲ್ಲಿ ಹಿಂದಿ. ಇಂಗ್ಲಿಷನ್ನು ಓದಬಲ್ಲ. ಆದರೆ ಓದಿದ್ದು ಕೈಗೆ ಇಳಿಯಬೇಕಾದರೆ ಕನ್ನಡದಲ್ಲಿ ಒಮ್ಮೆ ಕೇಳಬೇಕು ಎಂದ. ಹೀಗಾಗಿ ಮಳೆ ಸುರಿಯುವ ನಾಲ್ಕೈದು ಮಧ್ಯಾಹ್ನಗಳನ್ನು ನಾವು ಅವರ ಮನೆಯ ಜಗಲಿಯಲ್ಲಿ ಕಳೆದೆವು. ದುರಸ್ತಿಯ ಗುರು ಮಾತ್ರ ನಾವಲ್ಲ, ಹುಡುಗನ ಸೋದರಮಾವ. ಪ್ಲೈವುಡ್ಡಿನ ದೋಣಿಗಳಿಗೆ ಫೈಬರ್ ಹೊದೆಸುವ ಕೆಲಸ ನಮ್ಮ ಕರಾವಳಿಗೆ ಹೊಸತಾಗಿ ಬಂದಿದ್ದ ಕಾಲದಲ್ಲಿ ಹುಡುಗನಾಗಿ ಸೇರಿ, ಇಂದಿಗೂ ಅದೇ ಕೆಲಸದಲ್ಲಿರುವವರು. ರೆಸಿನ್ನಿನ ವಾಸನೆ ಅವರ ಅಂಗಿಯನ್ನು ಬಿಟ್ಟು ಹೋದದ್ದೇ ಇಲ್ಲ.

ಮೊದಲು ಈ ರೆಕ್ಕೆ ಎಂದರೇನೆಂದು ನಾಲ್ಕು ಮಾತು ಹೇಳುವುದು ಒಳ್ಳೆಯದು.

ಹಾಯಿಹಲಗೆ ಎಂದರೆ ಒಂದು ಹಲಗೆ, ಅದರ ಮೇಲೆ ಎತ್ತ ಬೇಕಾದರೂ ವಾಲುವಂಥ ಕಂಬ, ಕಂಬಕ್ಕೆ ಹಾಯಿ. ಸವಾರ ನಿಂತು ಹಾಯಿಯನ್ನು ಕೈಯಲ್ಲಿ ಹಿಡಿದು ಗಾಳಿಯೊಡನೆ ಹೋಗುತ್ತಾನೆ. ಒಲಿಂಪಿಕ್ಸಿಗೆ ಈ ಆಟ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಹಲಗೆ ನೀರಿನ ಮೇಲೆ ಜಾರುವುದಷ್ಟೇ ಆಗಿನ ವಿದ್ಯೆ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಹೊತ್ತಿಗೆ ನೋಟವೇ ಬದಲಾಗಿತ್ತು. ಮಾರ್ಸೇಲ್ ಬಂದರಿನ ಬಳಿ ನಡೆದ ಆ ಪಂದ್ಯಗಳಲ್ಲಿ ಹಲಗೆಗಳು ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಐಕ್ಯೂಫಾಯಿಲ್ ಎಂಬ ಆ ಜಾತಿಯ ಹಲಗೆಯ ಅಡಿಯಲ್ಲಿ 95 ಸೆಂಟಿಮೀಟರು ಉದ್ದದ ಒಂದು ಕಾಲು, ಕಾಲಿನ ಬುಡದಲ್ಲಿ ವಿಮಾನದಂತೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಸಣ್ಣ ರೆಕ್ಕೆ. ವೇಗ ಬಂದೊಡನೆ ರೆಕ್ಕೆ ಎಲ್ಲವನ್ನೂ ಮೇಲಕ್ಕೆತ್ತುತ್ತದೆ. ನೀರಿನಲ್ಲಿ ಉಳಿಯುವುದು ರೆಕ್ಕೆ ಮತ್ತು ಕಾಲಿನ ಕೆಳತುದಿ ಮಾತ್ರ. ಅಲೆಗಳ ಹೊಡೆತವಿಲ್ಲ, ಸದ್ದಿಲ್ಲ. ಆ ವರ್ಷ ಗಂಡಸರಲ್ಲಿ ಇಸ್ರೇಲಿನ ಟಾಮ್ ರೂವೇನಿ, ಹೆಂಗಸರಲ್ಲಿ ಇಟಲಿಯ ಮಾರ್ತಾ ಮಗೆಟ್ಟಿ ಚಿನ್ನ ಗೆದ್ದರು. ನಮ್ಮ ದೇಶಕ್ಕೂ ಹಾಯಿಹಲಗೆ ಅಪರಿಚಿತವಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಈಬಾದ್ ಅಲಿ ಕಂಚು ತಂದರು. ಅದು ರೆಕ್ಕೆಯಿಲ್ಲದ ಹಳೆಯ ಜಾತಿಯ ಹಲಗೆಯಲ್ಲಿ.

ರೆಕ್ಕೆಯ ಉಪಾಯವಾದರೋ ಹಲಗೆಗಿಂತ ಬಹಳ ಹಳೆಯದು. ಇಟಲಿಯ ಎನ್ರಿಕೊ ಫೊರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದಲ್ಲಿ ಇಂಥ ರೆಕ್ಕೆಗಳ ಮೇಲೆ ದೋಣಿಯೊಂದನ್ನು ನೀರಿನಿಂದ ಎತ್ತಿ ಓಡಿಸಿದ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮುದಿವಯಸ್ಸಿನಲ್ಲಿ ಇದರ ಹಿಂದೆ ಬಿದ್ದದ್ದು ಅನೇಕರಿಗೆ ಗೊತ್ತಿಲ್ಲ. ಅವನೂ ಅವನ ಸಂಗಡಿಗ ಕೇಸಿ ಬಾಲ್ಡ್‌ವಿನ್ನನೂ ಕೂಡಿ ಕಟ್ಟಿದ ಎಚ್‌ಡಿ-4 ಎಂಬ ದೋಣಿ 1919ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಗಂಟೆಗೆ 70 ಮೈಲಿಗೂ ಮಿಕ್ಕಿದ ವೇಗದಲ್ಲಿ ಹೋಗಿ ಜಗತ್ತಿನ ದಾಖಲೆ ಮಾಡಿತು.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ಆದಕಾರಣ ನೀರೊಳಗಿನ ರೆಕ್ಕೆ ಚಿಕ್ಕದಿದ್ದರೂ ಸಾಕು. ಒಲಿಂಪಿಕ್ ಹಲಗೆಯ ಮುಂದಿನ ರೆಕ್ಕೆಯ ವಿಸ್ತೀರ್ಣ 900 ಚದರ ಸೆಂಟಿಮೀಟರು, ಎಂದರೆ ಒಂದು ಚದರ ಅಡಿಗೂ ಸ್ವಲ್ಪ ಕಡಿಮೆ. ನಮ್ಮ ಜಗಲಿಗೆ ಹಾಕುವ ಒಂದು ಟೈಲ್ಸಿನಷ್ಟು! ಸೆಕೆಂಡಿಗೆ ಆರು ಮೀಟರು ಹೋದರೆ ಅಷ್ಟು ಪುಟ್ಟ ರೆಕ್ಕೆ ಸವಾರ, ಹಲಗೆ, ಹಾಯಿ ಎಲ್ಲ ಸೇರಿ ನೂರು ಕಿಲೋದ ಹತ್ತಿರದ ಭಾರವನ್ನು ಹೊರುತ್ತದೆ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ.

ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಕೆಲಸ ನಡೆಯುವುದರಿಂದಲೇ ಸಣ್ಣ ಗಾಯವೂ ಇಲ್ಲಿ ದೊಡ್ಡದು. ದೋಣಿಯ ತಳದಲ್ಲಿ ಒಂದು ಚಕ್ಕೆ ಹಾರಿದರೆ ಮೀನುಗಾರನಿಗೆ ಅದು ತಿಳಿಯುವುದೂ ಇಲ್ಲ. ರೆಕ್ಕೆಯ ಮುಂದಂಚಿನಲ್ಲಿ ಅಕ್ಕಿಕಾಳಿನಷ್ಟು ಗುಳಿ ಬಿದ್ದರೆ, ಅದರ ಹಿಂದೆ ರೆಕ್ಕೆಯ ಮೈಗುಂಟ ಬೆಣೆಯಾಕಾರದಲ್ಲಿ ನೀರು ಕದಡುತ್ತಾ ಹೋಗುತ್ತದೆ. ನಯವಾಗಿ ಹರಿಯಬೇಕಾದ ನೀರು ಕದಡಿದರೆ ಎಳೆತ ಹೆಚ್ಚು, ಹಲಗೆ ಏಳುವುದು ತಡ. ಎರಡನೆಯ ಅಪಾಯ ಇನ್ನೂ ಕೆಟ್ಟದ್ದು. ಗಾಯದಲ್ಲಿ ಇಂಗಾಲದ ಎಳೆಗಳು ಬಾಯಿಬಿಟ್ಟಿದ್ದರೆ ಅವುಗಳ ಸಂದಿಯಿಂದ ಉಪ್ಪುನೀರು ಒಳಸೇರಿ ಪದರಗಳು ಬಿಡತೊಡಗುತ್ತವೆ.

ಗಾಯಗಳಾಗುವುದು ಹೆಚ್ಚಾಗಿ ನೀರಿನಲ್ಲಲ್ಲ, ದಡದಲ್ಲಿ. ಕಾಲು ಒಂದು ಮೀಟರಿನಷ್ಟು ಉದ್ದವಿರುವುದನ್ನು ಮರೆತು ಹೊಸಬರು ತೀರದ ತನಕ ಹಾರಿಕೊಂಡೇ ಬಂದು ಮರಳದಿಬ್ಬಕ್ಕೆ ಬಡಿಯುತ್ತಾರೆ. ಸಿಮೆಂಟಿನ ಇಳಿಜಾರಿನಲ್ಲಿ ಕೆಡವುತ್ತಾರೆ. ಒಂದರ ಮೇಲೊಂದು ರೆಕ್ಕೆ ಪೇರಿಸಿ ಜೀಪಿನ ಹಿಂದೆ ತುಂಬುತ್ತಾರೆ. "ಬಾಡಿಗೆಯ ಸೈಕಲಿನ ಹಾಗೆಯೇ" ಎಂದು ಹುಡುಗ ಹೇಳಿದ.

ಮಾವ ಕೆಲಸಕ್ಕೆ ಕೈಹಾಕುವ ಮೊದಲು ರೆಕ್ಕೆಯನ್ನು ಸೋಪಿನ ನೀರಿನಲ್ಲಿ ತೊಳೆದು ಒಂದು ದಿನ ನೆರಳಲ್ಲಿ ಒಣಗಲು ಬಿಟ್ಟರು. ಮರುದಿನ ಒಂದು ರೂಪಾಯಿಯ ನಾಣ್ಯ ತೆಗೆದುಕೊಂಡು ರೆಕ್ಕೆಯ ಮೈಯನ್ನೆಲ್ಲ ಇಂಚಿಂಚಾಗಿ ತಟ್ಟುತ್ತಾ ಹೋದರು. ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು ನೋಡುವುದಿಲ್ಲವೇ, ಹಾಗೆ. ಮೈ ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ, ತಿರುಳು ಕೊಳೆತಿದ್ದರೆ ಸತ್ತ ದನಿ. ದೊಡ್ಡ ಕಾರ್ಖಾನೆಗಳಲ್ಲಿ ವಿಮಾನದ ಭಾಗಗಳನ್ನೂ ಮೊದಲ ಪರೀಕ್ಷೆಯಲ್ಲಿ ಹೀಗೆಯೇ ತಟ್ಟಿ ನೋಡುವ ಪದ್ಧತಿಯಿದೆ ಎಂದು ನಾವು ಹೇಳಿದಾಗ ಮಾವ ತಲೆಯೆತ್ತಲಿಲ್ಲ. ತಟ್ಟುವುದನ್ನು ಮುಗಿಸಿಯೇ, "ಒಳಗೆ ತೊಂದರೆ ಇಲ್ಲ, ಹೊರಗಿನದ್ದು ಮಾತ್ರ" ಎಂದರು.

ಹೊರಗಿನ ಲೆಕ್ಕ ಹೀಗಿತ್ತು. ಮುಂದಂಚಿನಲ್ಲಿ ಎಡಗಡೆ ಒಂದು ಗುಳಿ. ಹಿಂದಂಚಿನಲ್ಲಿ ಎರಡು ಸೆಂಟಿಮೀಟರು ಉದ್ದಕ್ಕೆ ಮೂರು ಮಿಲಿಮೀಟರು ಅಗಲದ ತುಂಡೇ ಹೋಗಿತ್ತು. ಒಂದು ತುದಿ ಮರಳಿಗೆ ಉಜ್ಜಿ ಸವೆದಿತ್ತು. ಅಡಿಭಾಗದ ಗೀರುಗಳಿಗೆ ಲೆಕ್ಕವಿಲ್ಲ. ಬೋಲ್ಟು ಕೂರುವ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕೇನಾದರೂ ಇದೆಯೇ ಎಂದು ಹುಡುಗ ಮೊಬೈಲಿನ ದೀಪದಲ್ಲಿ ಮೂರು ಸಲ ನೋಡಿದ, ಇರಲಿಲ್ಲ. ಇದ್ದಿದ್ದರೆ ನಮ್ಮ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಸವಾರನ ಭಾರವೆಲ್ಲ ಸೇರಿ ಬೀಳುವುದು ಆ ತೂತುಗಳ ಮೇಲೆ. ಅಲ್ಲಿ ಬಿರುಕಿದ್ದ ರೆಕ್ಕೆಗೆ ಜಗಲಿಯ ತೇಪೆ ಹಾಕುವುದು ಸಲ್ಲದು. ಪೂರ್ತಿ ವೇಗದಲ್ಲಿ ರೆಕ್ಕೆ ಕಳಚಿದರೆ ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ, ಮುರಿದ ಇಂಗಾಲದ ಅಂಚು ಚೂರಿಗಿಂತ ಹರಿತ.

ಮೊದಲ ಪ್ರಯತ್ನ ನಿಂತುಹೋದ ಬಗೆ ಕೇಳಬೇಕು. ಮಾವ ತಮ್ಮ ದೋಣಿಯ ರೆಸಿನ್ ತಂದರು, ಕೆಟಲಿಸ್ಟ್ ನಾಲ್ಕು ಹನಿ ಬಿಟ್ಟರು, ಮ್ಯಾಟಿನ ಎಳೆ ಕತ್ತರಿಸಿ ಸೇರಿಸಿ ಗುಳಿಯನ್ನು ತುಂಬಿದರು. ಅರ್ಧ ಗಂಟೆಯಲ್ಲಿ ಗಟ್ಟಿಯಾಯಿತು. ಕಲ್ಲಿನ ಹಾಗೆ ಆಯಿತೆಂದು ಎಲ್ಲರಿಗೂ ಸಮಾಧಾನ. ಮಾರನೆಯ ಬೆಳಗ್ಗೆ ಹುಡುಗ ಹೆಬ್ಬೆರಳಿನ ಉಗುರಿನಿಂದ ಒತ್ತಿದ, ತೇಪೆ ಗೇರುಬೀಜದ ಸಿಪ್ಪೆಯ ಹಾಗೆ ಇಡಿಯಾಗಿ ಎದ್ದು ಬಂತು.

ಕೈಪಿಡಿಯನ್ನು ನಾವು ಆಗ ಬಿಡಿಸಿದೆವು. ದೋಣಿಗೆ ಹಾಕುವ ರೆಸಿನ್ ಪಾಲಿಯೆಸ್ಟರ್ ಜಾತಿ. ರೆಕ್ಕೆಯನ್ನು ಕಟ್ಟಿದ್ದು ಎಪಾಕ್ಸಿಯಿಂದ. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಮೂವತ್ತೈದು ವರ್ಷ ರೆಸಿನ್ನಿನಲ್ಲೇ ಕೈಯಾಡಿಸಿದವರಿಗೆ ಈ ಮಾತು ಸುಲಭಕ್ಕೆ ರುಚಿಸದು. "ನೋಡುವ, ಅದನ್ನೇ ತರಿಸುವ" ಎಂದು ಮಾತ್ರ ಹೇಳಿದರು. ಮಂಗಳೂರಿನಿಂದ ಎಪಾಕ್ಸಿಯ ಎರಡು ಡಬ್ಬಗಳು ಬಂದವು, ಒಂದು ರೆಸಿನ್, ಇನ್ನೊಂದು ಹಾರ್ಡ್‌ನರ್.

ಎರಡನೆಯ ಸಲ ಕೆಟ್ಟದ್ದು ಅಭ್ಯಾಸಬಲದಿಂದ. ದೋಣಿಯ ಕೆಲಸದಲ್ಲಿ ಮಳೆಯಿದ್ದರೆ ಕೆಟಲಿಸ್ಟನ್ನು ಒಂದಿಷ್ಟು ಹೆಚ್ಚು ಹಾಕುವುದು, ಬಿಸಿಲಿದ್ದರೆ ಕಡಿಮೆ ಮಾಡುವುದು ಮಾವನ ಕೈಗೆ ಒಗ್ಗಿದ ಹದ. ಅಂದೂ ಮಳೆ ಧೋ ಎಂದು ಸುರಿಯುತ್ತಿತ್ತು. ಬೇಗ ಹಿಡಿಯಲಿ ಎಂದು ಹಾರ್ಡ್‌ನರನ್ನು ಕಣ್ಣಂದಾಜಿಗೆ ಹೆಚ್ಚಿಗೆ ಸುರಿದರು. ಮೂರು ದಿನ ಕಳೆದರೂ ತೇಪೆ ಹಲಸಿನ ಮೇಣದ ಹಾಗೆಯೇ ಬೆರಳಿಗೆ ಅಂಟುತ್ತಿತ್ತು.

ಎರಡು ಅಂಟುಗಳ ಗುಣ ಬೇರೆ ಬೇರೆ ಎನ್ನುವುದು ಇಲ್ಲಿ ಮುಖ್ಯ. ಪಾಲಿಯೆಸ್ಟರಿಗೆ ಕೆಟಲಿಸ್ಟ್ ಎಂದರೆ ಸೌದೆಗೆ ಗೀರಿದ ಬೆಂಕಿಕಡ್ಡಿ. ಒಂದರ ಬದಲು ಎರಡು ಗೀರಿದರೆ ಒಲೆ ಬೇಗ ಹತ್ತಿಕೊಳ್ಳುತ್ತದೆ, ಅಷ್ಟೆ. ಎಪಾಕ್ಸಿಗೆ ಹಾರ್ಡ್‌ನರ್ ಹಾಗಲ್ಲ. ಅದು ಅಂಗಿಯ ಗುಂಡಿಯಿದ್ದ ಹಾಗೆ, ರೆಸಿನ್ ಅದರ ಕಾಜ. ಒಂದೊಂದು ಕಾಜಕ್ಕೆ ಒಂದೊಂದು ಗುಂಡಿ ಸೇರಿದರೆ ಮಾತ್ರ ಅಂಗಿ ಮುಚ್ಚುತ್ತದೆ. ಗುಂಡಿ ಹೆಚ್ಚಾದರೆ ಕಾಜ ಸಿಗದೆ ಜೋತಾಡುತ್ತವೆ, ಕಡಿಮೆಯಾದರೆ ಎದೆ ತೆರೆದೇ ಇರುತ್ತದೆ. ಎರಡರಲ್ಲೂ ಅಂಟು ಹಸಿಯೇ. ಪ್ರಮಾಣ ಎಷ್ಟೆಂಬುದು ಡಬ್ಬದಿಂದ ಡಬ್ಬಕ್ಕೆ ಬೇರೆ. ಒಂದು ಕಂಪೆನಿಯದು ಐದಕ್ಕೆ ಒಂದು, ಇನ್ನೊಂದರದು ಮೂರಕ್ಕೆ ಒಂದು, ಮತ್ತೊಂದರದು ಎರಡಕ್ಕೆ ಒಂದು. ಅದರಲ್ಲೂ ತೂಕದ ಪ್ರಮಾಣವೇ ಬೇರೆ, ಅಳತೆಯ ಪ್ರಮಾಣವೇ ಬೇರೆ. ಡಬ್ಬದ ಮೇಲೆ ಬರೆದದ್ದೇ ವೇದ.

ನಮಗೆ ಬೇಕಾದದ್ದು ಒಟ್ಟು ಹತ್ತು ಗ್ರಾಮಿಗೂ ಕಡಿಮೆ. ಅಷ್ಟರಲ್ಲಿ ಅರ್ಧ ಗ್ರಾಮು ತಪ್ಪಿದರೂ ಬಾಧಕ. ಅಡುಗೆಮನೆಯ ತಕ್ಕಡಿ ಇದಕ್ಕೆ ಏನೂ ಪ್ರಯೋಜನವಿಲ್ಲ. ಕೊನೆಗೆ ನೆರೆಮನೆಯ ಅಕ್ಕಸಾಲಿಗರು ಚಿನ್ನ ತೂಗುವ ತಮ್ಮ ಪುಟ್ಟ ತಕ್ಕಡಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೊಟ್ಟರು, ಮೇಲೆ ಪ್ಲಾಸ್ಟಿಕ್ ಹಾಸಿಯೇ ಬಳಸಬೇಕೆಂಬ ಕರಾರಿನಿಂದ. ಕರಾರು ನ್ಯಾಯವಾದದ್ದೇ.

ಮೂರನೆಯ ಸಲದ ಕೆಲಸವನ್ನು ನಿಧಾನವಾಗಿ ಹೇಳುತ್ತೇವೆ. ಇಂಥ ಕೆಲಸಕ್ಕೆ ಕೈಹಾಕುವವರು ಓದುಗರಲ್ಲಿ ಒಬ್ಬಿಬ್ಬರಾದರೂ ಇರಬಹುದು. ಕೊಲ್ಲಿಯಲ್ಲಿ, ಗೋವೆಯಲ್ಲಿ ಕಡಲಾಟದ ಅಂಗಡಿಗಳಲ್ಲಿ ದುಡಿಯುವ ನಮ್ಮವರು ಈಗ ಕಡಿಮೆಯಿಲ್ಲ.

ಹಸಿಯಾಗಿ ಉಳಿದಿದ್ದ ಹಳೆಯ ಅಂಟನ್ನೆಲ್ಲ ಕೆರೆದು, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ತೆಗೆದಾಯಿತು. ಸಡಿಲವಾಗಿದ್ದ ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿದರು. ಗುಳಿಯ ಅಂಚು ಕಡಿದಾದ ಗೋಡೆಯಂತಿದ್ದರೆ ತೇಪೆ ಅಲ್ಲಿಯೇ ಬಿಡುತ್ತದೆ. ಆದ್ದರಿಂದ 80 ನಂಬ್ರದ ಮರಳುಕಾಗದದಿಂದ ಅಂಚನ್ನು ಸುತ್ತಲೂ ಇಳಿಜಾರು ಮಾಡಿ, 120ರಿಂದ ಸರಿಪಡಿಸಿದರು. ಉಜ್ಜಿದ ಜಾಗ ಹೊಳಪು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗಬೇಕು. ಹೊಳಪು ಉಳಿದಲ್ಲಿ ಅಂಟು ಹಿಡಿಯದು. ಅದರಾಚೆಯ ಗಟ್ಟಿ ಮೈಗೆ ಕಾಗದದ ಟೇಪು ಸುತ್ತಿದರು, ಮುಂದೆ ಉಜ್ಜುವಾಗ ಅದಕ್ಕೆ ಗಾಯವಾಗದಿರಲೆಂದು.

ಅಂಟು ಹಾಕುವ ಮೊದಲೇ ಅಚ್ಚು ಮಾಡಿಕೊಳ್ಳುವುದು ಜಾಣತನ. ರೆಕ್ಕೆಯ ಎಡಬಲಗಳು ಕನ್ನಡಿಯ ಬಿಂಬಗಳು. ಎಡಗಡೆಯ ಗಾಯ ನಡುವಿನಿಂದ ಎಷ್ಟು ದೂರದಲ್ಲಿದೆಯೋ, ಬಲಗಡೆ ಅಷ್ಟೇ ದೂರದಲ್ಲಿ ಗಾಯವಿಲ್ಲದ ಅದೇ ಆಕಾರ ಸಿಗುತ್ತದೆ. ಮದುವೆಯ ಆಮಂತ್ರಣದ ದಪ್ಪ ರಟ್ಟನ್ನು ಅಲ್ಲಿಗೆ ಹೊಂದುವಂತೆ ಸ್ವಲ್ಪಸ್ವಲ್ಪವೇ ಕತ್ತರಿಸಿ ಮಾವ ಅಚ್ಚು ಮಾಡಿದರು. ಇದು ಕೈಪಿಡಿಯಲ್ಲಿ ಇರಲಿಲ್ಲ. ದೋಣಿಯ ಮೂತಿಗೆ ಪೆಟ್ಟಾದಾಗ ಅವರು ಮಾಡುವುದೇ ಹೀಗಂತೆ.

ಆಮೇಲೆ ಅಂಟು. ತೂಗಿದ ಎರಡನ್ನೂ ಅಗಲವಾದ ಮುಚ್ಚಳದಲ್ಲಿ ಹಾಕಿ, ಅಂಚುಗಳನ್ನೂ ತಳವನ್ನೂ ಕೆರೆಯುತ್ತಾ ಮೂರು ನಿಮಿಷ ಕಲಸಿದರು. ಲೋಟದಲ್ಲಿ ಆಳವಾಗಿ ಇಟ್ಟರೆ ಎಪಾಕ್ಸಿ ತನ್ನ ಬಿಸಿಗೆ ತಾನೇ ಕಾದು, ದೊಡ್ಡ ಪ್ರಮಾಣವಾದರೆ ಹೊಗೆಯಾಡುವುದೂ ಉಂಟು. ಮೊದಲು ತೆಳ್ಳಗಿನ ಅಂಟನ್ನೇ ಕುಂಚದಿಂದ ಗಾಯಕ್ಕೆ ಹಚ್ಚಿ ಎಳೆಗಳು ಕುಡಿಯಲು ಬಿಟ್ಟರು. ಉಳಿದದ್ದಕ್ಕೆ ಸಿಲಿಕಾ ಪುಡಿಯನ್ನೂ ಕತ್ತರಿಸಿದ ಗಾಜಿನ ಎಳೆಯನ್ನೂ ಸೇರಿಸಿ, ಸೌಟು ಮಗುಚಿದರೂ ಬೀಳದ ಉದ್ದಿನ ಹಿಟ್ಟಿನ ಹದಕ್ಕೆ ತಂದರು. ಎಳೆಯನ್ನು ಮ್ಯಾಟಿನಿಂದ ತೆಗೆಯಲಿಲ್ಲ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಕರಗದು. ನೇಯ್ದ ಗಾಜಿನ ಬಟ್ಟೆಯಿಂದ ಬಿಡಿಸಿದ ಎಳೆಯೇ ಆಗಬೇಕು. ಪುಡಿಗಳಲ್ಲಿಯೂ ಹಗುರವಾದ, ಉಜ್ಜಲು ಸುಲಭವಾದ ಗಾಜಿನ ಗುಳ್ಳೆಪುಡಿಯೊಂದಿದೆ. ಮುಂದಂಚಿಗೆ ಅದು ತರವಲ್ಲ, ಇನ್ನೊಂದು ಪೆಟ್ಟಿಗೇ ಕುಸಿಯುತ್ತದೆ.

ಮುಂದಂಚಿನ ಗುಳಿ ಹೀಗೆ ತುಂಬಿತು, ಸ್ವಲ್ಪ ಉಬ್ಬಿಯೇ. ಹಿಂದಂಚು ಮಾತ್ರ ಕಷ್ಟದ್ದು. ಅಲ್ಲಿ ರೆಕ್ಕೆಯ ದಪ್ಪ ಒಂದು ಮಿಲಿಮೀಟರೂ ಇಲ್ಲ, ಅಂಟಿಗೆ ಆನಿಕೊಳ್ಳಲು ಏನೂ ಇಲ್ಲ. ಶಾಲೆಯ ಪ್ಲಾಸ್ಟಿಕ್ ಸ್ಕೇಲಿಗೆ ಪ್ಯಾಕಿಂಗ್ ಟೇಪು ಸುತ್ತಿ ಅಡಿಗೆ ಆನಿಸಿದರು. ಆ ಟೇಪಿಗೆ ಎಪಾಕ್ಸಿ ಹಿಡಿಯುವುದಿಲ್ಲ. ಅದರ ಮೇಲೆ ಅಂಚಿನ ಉದ್ದಕ್ಕೆ ಎಳೆಗಳನ್ನು ಒಂದೊಂದಾಗಿ ಮಲಗಿಸಿ, ಅಂಟಿನಲ್ಲಿ ನೆನೆಸಿ, ಮೇಲಿಂದ ಪಾಲಿಥೀನ್ ಹಾಳೆ ಹೊದೆಸಿ ಬೆರಳಿನಿಂದ ಒತ್ತಿದರು. ಗಾಳಿಯ ಗುಳ್ಳೆ ಕಂಡಲ್ಲಿ ಸೂಜಿಯಿಂದ ಚುಚ್ಚಿದರು.

ಮಳೆಗಾಲದ ತಂಪಿಗೆ ಏನು ಮಾಡುವುದು? ಹಾರ್ಡ್‌ನರ್ ಹೆಚ್ಚಿಸುವಂತಿಲ್ಲ, ಹೆಚ್ಚಿಸಬಹುದಾದದ್ದು ಬಿಸಿಯನ್ನು. ಕೋಳಿಮರಿಗಳಿಗೆ ಇಡುವ ಹಾಗೆ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಹಳೆಯ 60 ವಾಟಿನ ಬಲ್ಬು ಉರಿಸಿ ರೆಕ್ಕೆಯನ್ನು ರಾತ್ರಿಯಿಡೀ ಅದರಲ್ಲಿಟ್ಟರು. ಕೈಗೆ ಬೆಚ್ಚಗೆನಿಸಿದರೆ ಸಾಕು, ಸುಡಬಾರದು. ಬೆಳಗ್ಗೆ ತೇಪೆ ಗಟ್ಟಿ. ಮೇಲೆ ಮಾತ್ರ ಸಾಬೂನಿನಂಥ ಜಾರುವ ಪೊರೆ ಕಟ್ಟಿತ್ತು. ತೇವದ ಹವೆಯಲ್ಲಿ ಹಾರ್ಡ್‌ನರ್ ಗಾಳಿಯೊಡನೆ ಕೂಡಿ ಆಗುವ ಪೊರೆ ಅದು. ಒಣಗಿದಂತೆಯೇ ಉಜ್ಜಿದರೆ ಕಾಗದವೂ ಮೆತ್ತಿಕೊಳ್ಳುತ್ತದೆ, ಮೇಲಿನ ಪದರವೂ ಹಿಡಿಯದು. ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಚೆನ್ನಾಗಿ ತೊಳೆದರೆ ಹೋಗುತ್ತದೆ.

ಉಜ್ಜುವ ಕೆಲಸ ಎರಡು ದಿನ ಹಿಡಿಯಿತು. ಅಜ್ಜಿಯ ಹಟದಿಂದ ಅದೆಲ್ಲ ಹೊರಗಿನ ಕೊಟ್ಟಿಗೆಯಲ್ಲೇ ನಡೆಯಿತು, ಹಟ ಒಳ್ಳೆಯದೇ. ಇಂಗಾಲದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮೈಗೆ ತುರಿಕೆ, ಅಷ್ಟೇ ಅಲ್ಲ ವಿದ್ಯುತ್ತನ್ನು ಹರಿಸುವ ಗುಣವುಳ್ಳದ್ದು. ಸ್ವಿಚ್‌ಬೋರ್ಡು, ಟಿ.ವಿ. ಇರುವ ಕೋಣೆಯಲ್ಲಿ ಹಾರಿಸಬಾರದು. ಕೊರೋನಾ ಕಾಲದ ಎನ್-95 ಮಾಸ್ಕುಗಳು ಕಪಾಟಿನಲ್ಲಿ ಉಳಿದಿದ್ದದ್ದು ಉಪಯೋಗಕ್ಕೆ ಬಂತು. ನೀರು ಹಾಕಿಕೊಂಡೇ ಉಜ್ಜಿದರೆ ಧೂಳು ಏಳುವುದೇ ಕಡಿಮೆ. ಕೈಗೆ ರಬ್ಬರ್ ಗವಸು. ಮಾವ ಗವಸಿಗೆ ಒಪ್ಪಲಿಲ್ಲ, ಹುಡುಗ ಬಿಡಲಿಲ್ಲ. ಹಸಿ ಎಪಾಕ್ಸಿ ಕೈಗೆ ತಾಗುತ್ತಾ ತಾಗುತ್ತಾ ಒಂದು ದಿನ ಚರ್ಮ ಅದಕ್ಕೆ ತಿರುಗಿಬಿದ್ದರೆ, ಆಮೇಲೆ ಜೀವಮಾನವಿಡೀ ಅದರ ಹತ್ತಿರ ಸುಳಿಯುವಂತಿಲ್ಲ. ದುಡಿಯುವ ಕೈಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದು?

ಮರದ ಪಟ್ಟಿಗೆ ಕಾಗದ ಸುತ್ತಿ ರೆಕ್ಕೆಯ ಉದ್ದಕ್ಕೆ ಉಜ್ಜಬೇಕು. ಬರೇ ಬೆರಳಿನಿಂದ ಒತ್ತಿದರೆ ಅಲ್ಲಲ್ಲಿ ಹಳ್ಳ ಬೀಳುತ್ತದೆ. ನಡುನಡುವೆ ರಟ್ಟಿನ ಅಚ್ಚಿಟ್ಟು ಬೆಳಕಿಗೆ ಹಿಡಿದು ನೋಡಿದರು. ಅಚ್ಚು ಕೂತಿತೆಂದು ನಮಗೆಲ್ಲ ಅನಿಸಿದ ಮೇಲೂ ಮಾವ ಕಣ್ಣು ಮುಚ್ಚಿ ಮುಂದಂಚಿನ ಮೇಲೆ ಮೂರು ಬೆರಳುಗಳನ್ನು ಮೆಲ್ಲನೆ ಓಡಿಸಿದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಒಂದು ಕೂದಲಿನಷ್ಟು ಎತ್ತರ ಇದೆ" ಎಂದರು. ನಾವು ಮುಟ್ಟಿ ನೋಡಿದೆವು, ನಮಗೆ ಏನೂ ತಿಳಿಯಲಿಲ್ಲ. ಹುಡುಗ ಮುಟ್ಟಿದ, ಮತ್ತೊಮ್ಮೆ ಮುಟ್ಟಿದ. "ಹೌದು ಮಾವ" ಎಂದ. ಅವನಿಗೆ ನಿಜವಾಗಿ ತಿಳಿಯಿತೋ ಮಾವನ ಮೇಲಿನ ಗೌರವದಿಂದ ಹೇಳಿದನೋ ಎಂದು ನಮಗೆ ಆಗ ಸಂಶಯವಿತ್ತು. ಸವೆದ ತುದಿಯನ್ನು ಅವನೊಬ್ಬನೇ ಕೂತು ಕಟ್ಟಿ ಮುಗಿಸಿದ್ದನ್ನು ಕಂಡ ಮೇಲೆ ಸಂಶಯ ಹೋಯಿತು.

ಕೊನೆಗೆ 240, ಆಮೇಲೆ 400, ಆಮೇಲೆ 600. ಎಲ್ಲ ನೀರು ಹಾಕಿಯೇ. ಕನ್ನಡಿಯ ಹಾಗೆ ಹೊಳೆಯಿಸಬೇಕೆಂದು ಹುಡುಗನಿಗೆ ಆಸೆ. ಗಂಟೆಗೆ 36 ಕಿಲೋಮೀಟರು ಹೋಗುವ ರೆಕ್ಕೆಯ ಮೈಯಲ್ಲಿ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಒರಟಿದ್ದರೆ ಅದು ನೀರಿಗೆ ನಯವಾದದ್ದೇ ಎಂಬುದು ಶಾಸ್ತ್ರದ ಲೆಕ್ಕ. 600ರ ಕಾಗದ ಬಿಡುವ ಗೀರು ಅದಕ್ಕಿಂತ ಸಣ್ಣದು. ಮೇಲಿನ ಹೊಳಪು ಯಜಮಾನರ ಕಣ್ಣಿಗೆ ಮಾತ್ರ. ಅಡಿಭಾಗದ ಗೀರುಗಳಲ್ಲಿ ಉಗುರು ಸಿಕ್ಕಿಕೊಳ್ಳುವಂಥವನ್ನಷ್ಟೇ ತುಂಬಿ ಉಳಿದವನ್ನು ಹಾಗೆಯೇ ಬಿಡಲಾಯಿತು. ಬಿಸಿಲಿನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಳದಿಯಾಗಿ ಪುಡಿಯೇಳುವುದರಿಂದ ತೇಪೆಗಳ ಮೇಲೆ ಪಾಲಿಯುರೆಥೇನಿನ ಒಂದು ತೆಳು ಲೇಪ ಬಿತ್ತು. ಪೂರ್ತಿ ಬಲ ಬರಲು ಒಂದು ವಾರ ಮುಟ್ಟದೆ ಇಟ್ಟರು. ಪಂದ್ಯಕ್ಕೆ ಇಳಿಯುವ ರೆಕ್ಕೆಯಾದರೆ ಇನ್ನೊಂದು ಎಚ್ಚರ ಬೇಕು. ಎಲ್ಲರದೂ ಒಂದೇ ಅಚ್ಚಿನ ಸಲಕರಣೆ ಎಂಬುದೇ ಒಲಿಂಪಿಕ್ ಜಾತಿಯ ಪಂದ್ಯಕ್ಕೆ ಆಧಾರ. ಇದ್ದ ಆಕಾರಕ್ಕೆ ತರುವುದು ದುರಸ್ತಿ, ಅದಕ್ಕಿಂತ ಚೆನ್ನಾಗಿ ಮಾಡಹೋದರೆ ಮೋಸ.

ಹೊರಡುವ ಮುನ್ನ ಹುಡುಗನಿಗೆ ನಾವು ಕೈಪಿಡಿಯ ಸಾರವನ್ನು ಕನ್ನಡದಲ್ಲಿ ಎರಡು ಹಾಳೆ ಬರೆದುಕೊಟ್ಟೆವು. ಅದರ ಕೊನೆಯಲ್ಲಿ ಅವನು ತಾನೇ ಒಂದು ಸಾಲು ಸೇರಿಸಿಕೊಂಡ. ಇಂಗಾಲದ ರೆಕ್ಕೆಯನ್ನು ಅಲ್ಯೂಮಿನಿಯಮಿನ ಕೊಳವೆಗೆ ಬಿಗಿದು ಉಪ್ಪುನೀರಿನಲ್ಲೇ ಬಿಟ್ಟರೆ ಎರಡೂ ಸೇರಿ ಟಾರ್ಚಿನ ಸೆಲ್ಲಿನಂತಾಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಬೋಲ್ಟು ಕಚ್ಚಿಕೊಳ್ಳುತ್ತದೆ. ಆದ್ದರಿಂದ ದಿನವೂ ಸಂಜೆ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಬೋಲ್ಟಿಗೆ ಗ್ರೀಸು ಹಚ್ಚಬೇಕು. "ತೊಳೆಯುವವ ನಾನೇ ಅಲ್ಲವಾ, ಇದು ನನಗೇ" ಎಂದ.

ಅವನು ಹೋಗಿ ಹತ್ತು ದಿನಕ್ಕೆ ಮಾವನ ಮೊಬೈಲಿಗೆ ಕರೆ ಬಂತು. ನಾವೂ ಅಲ್ಲಿಯೇ ಇದ್ದೆವು. ತೇಪೆ ಹಿಡಿದು ನಿಂತಿದೆ, ಹಲಗೆ ಮೊದಲಿನಂತೆ ಏಳುತ್ತದೆ, ಆದರೆ ವೇಗ ಹೆಚ್ಚಿದಾಗ ರೆಕ್ಕೆ ಹಾಡುತ್ತದೆ ಎಂದ. ಹಾಡುತ್ತದೆ ಎಂದರೆ ಗುಂಯ್ ಎಂದು ಒಂದೇ ಸ್ವರ, ಕಾಲಿಗೂ ನಡುಕ. ಗಾಳಿಗೆ ವಿದ್ಯುತ್ ತಂತಿ ಗುಂಯ್‌ಗುಡುವುದನ್ನು ಕೇಳಿದವರಿಗೆ ಕಾರಣ ಹೊಳೆದೀತು. ಹಿಂದಂಚಿನಿಂದ ನೀರು ಬಿಡುವಾಗ ಸುಳಿಗಳು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಸರದಿಯಂತೆ ಕಳಚುತ್ತವೆ. ಅಂಚು ದುಂಡಗಿದ್ದರೆ ಆ ಸರದಿ ತಾಳ ಹಿಡಿದು ರೆಕ್ಕೆಯನ್ನೇ ಮಿಡಿಯುತ್ತದೆ. ತೇಪೆ ಹಾಕಿದ ಎರಡು ಸೆಂಟಿಮೀಟರು ಅಂಚು ಉಜ್ಜುವಾಗ ದುಂಡಗಾಗಿಬಿಟ್ಟಿರಬೇಕು. ಮೇಲಿನ ಮೂಲೆಯನ್ನು ಬಿಟ್ಟು ಒಂದೇ ಕಡೆಯಿಂದ ಓರೆಯಾಗಿ ನಾಲ್ಕು ಸಲ 400ರ ಕಾಗದ ಎಳೆದು ನೋಡು ಎಂದು ನಾವು ಹೇಳಿದೆವು. "ನಾಲ್ಕು ಅಂದರೆ ನಾಲ್ಕು, ಹತ್ತು ಅಲ್ಲ" ಎಂದು ಮಾವ ನಡುವೆ ಬಾಯಿ ಹಾಕಿದರು.

ಮರುದಿನ ಸಂಜೆ ಮತ್ತೆ ಕರೆ. ಹಾಡು ನಿಂತಿದೆ. ಷೆಡ್ಡಿನ ಬೀಗದ ಕೈಯನ್ನು ಯಜಮಾನರು ಅವನ ವಶಕ್ಕೆ ಕೊಟ್ಟಿದ್ದಾರೆ, ಒಳಗೆ ಇನ್ನೂ ಏಳು ರೆಕ್ಕೆಗಳಿವೆಯಂತೆ. ಸಂಬಳದ ಮಾತು ಮುಂದಿನ ತಿಂಗಳು ಎಂದಿದ್ದಾರೆ. ಸದ್ಯಕ್ಕೆ ಹಗಲು ಹೊರುವುದು, ರಾತ್ರಿ ಉಜ್ಜುವುದು.